ನೀಲಿ ನೀರಿಗೆ ಹಾಕದ ಗೊದಮೊಟ್ಟೆ

ನಮ್ಮ ಊರಿನಲ್ಲಿ ಎಲ್ಲರಿಗೂ ಹೆದರಿಕೆ. ಹೆದರಿಕೆಯೇ ಇಲ್ಲ ಎಂದು ಎದೆ ತಟ್ಟಿಕೊಳ್ಳುವವರಿಗೆ ಇನ್ನೂ ಒಂದು ಹಿಡಿ ಹೆಚ್ಚು. ನಾನು ಈ ಊರಿನ ಅಂಬಿಗ. ನನಗೂ ಹೆದರಿಕೆ. ಅದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಹೇಳುವುದು ಸುಲಭ.

ಊರಿಗೆ ಮೂರು ಕಡೆ ಗೋಡೆ, ಒಂದು ಕಡೆ ಹೊಳೆ. ಕಟ್ಟಳೆ ಒಂದೇ. ಮಗುವಿಗೆ ಮೊದಲ ಹಾಲುಹಲ್ಲು ಬಿದ್ದ ಮೇಲೆ ಅದು ತನ್ನ ಬೊಗಸೆಯಲ್ಲಿ ಯಾವ ಪ್ರಾಣಿಯನ್ನು ಮೊದಲು ಎತ್ತಿಕೊಳ್ಳುತ್ತದೋ ಅದೇ ಅದರ ಜೊತೆಜೀವ. ಕಪ್ಪೆಯೋ, ಹಲ್ಲಿಯೋ, ಸುಂಡಿಲಿಯೋ, ಬೊಗಸೆಯಲ್ಲಿ ಹಿಡಿಸಿದರೆ ಆಯಿತು. ಅದನ್ನು ಕೊಲ್ಲಬಾರದು. ತಾನಾಗಿ ಸಾಯುವ ತನಕ ಸಾಕಬೇಕು. ಸತ್ತ ಮೇಲೆ ಹೊಳೆಯ ದಡದ ತಿಳಿಮನೆಗೆ ತರಬೇಕು. ಅಲ್ಲಿ ತಿಳಿಗಿತ್ತಿ ಅದರ ಮೈಯನ್ನು ನೀರಿನ ಹಾಗೆ ತಿಳಿ ಮಾಡುತ್ತಾಳೆ, ಒಳಗಿನ ಎಲುಬಿಗೆ ಬಣ್ಣ ಕಟ್ಟುತ್ತಾಳೆ. ತಿಳಿಗಿತ್ತಿ ಬೇರೆ ಯಾರೂ ಅಲ್ಲ, ನನ್ನ ಹೆಂಡತಿ. ಅವಳ ಕೆಲಸಕ್ಕೆ ನೀರು ಹೊರುವವನು ನಾನು. ಆ ಕೆಲಸದಿಂದ ಬಂದದ್ದನ್ನು ದೋಣಿಯಲ್ಲಿ ಸಾಗಿಸುವವನೂ ನಾನೇ.

ಮೊದಲು ಅವಳು ತೊಗಲು ಬಿಡಿಸುತ್ತಾಳೆ. ಬಿಸಿಲಿಗಿಟ್ಟು ಮೈಯ ಕಪ್ಪನ್ನೂ ಕಣ್ಣಿನ ಕಪ್ಪನ್ನೂ ಕಳೆಯುತ್ತಾಳೆ. ಆಮೇಲೆ ಹುಳಿ ಬೆರೆಸಿದ ನೀಲಿ ನೀರು, ಅದರಲ್ಲಿ ಸ್ವಲ್ಪ ಹೊತ್ತು ಮಾತ್ರ. ಆಮೇಲೆ ಬೂದಿಯ ತಿಳಿ. ಆಮೇಲೆ ಮಂಜಿಷ್ಠದ ಬೇರಿನ ಕೆಂಪು ನೀರು. ಕೊನೆಗೆ ಗ್ಲಿಸರಿನ್ ತುಂಬಿದ ಗಾಜಿನ ಭರಣಿ. ಬೂದಿಯ ತಿಳಿಯಲ್ಲಿ ಮಾಂಸ ಮೆಲ್ಲಮೆಲ್ಲಗೆ ಮರೆಯಾಗುತ್ತದೆ. ಎಲ್ಲಿಗೂ ಹೋಗುವುದಿಲ್ಲ, ಅಲ್ಲೇ ಇರುತ್ತದೆ, ಕಾಣುವುದಿಲ್ಲ ಅಷ್ಟೆ. ಗಟ್ಟಿಯಾದ ಎಲುಬು ಕೆಂಪು ಹಿಡಿಯುತ್ತದೆ. ಇನ್ನೂ ಗಟ್ಟಿಯಾಗದ ಮೆದು ಎಲುಬು, ನಮ್ಮ ಕಿವಿಯಲ್ಲಿ, ಮೂಗಿನ ತುದಿಯಲ್ಲಿ ಕೈಗೆ ಸಿಗುತ್ತದಲ್ಲ ಅಂಥದ್ದು, ನೀಲಿ ಹಿಡಿಯುತ್ತದೆ.

ನೋಟದ ದಿನ ಭರಣಿಯನ್ನು ಕಲ್ಲುಕಟ್ಟೆಯ ಮೇಲೆ ಬಿಸಿಲಿಗೆ ಅಡ್ಡವಾಗಿ ಇಡುತ್ತಾರೆ. ಮೂವರು ನೋಟಗಾರರು ಅದರ ಸುತ್ತ ನಡೆಯುತ್ತಾರೆ. ಊರು ಒಂದೇ ದನಿಯಲ್ಲಿ ಹೇಳುತ್ತದೆ: ಕೆಂಪು ನಿಲ್ಲುತ್ತದೆ, ನೀಲಿ ಬಾಗುತ್ತದೆ, ಬಾಗುವವರಿಂದ ಊರು ಬೀಳುತ್ತದೆ. ಭರಣಿಯಲ್ಲಿ ಕೆಂಪು ಹೆಚ್ಚಿದ್ದರೆ ಮಗು ಊರಿನದು. ನೀಲಿ ಹೆಚ್ಚಿದ್ದರೆ ಮಗುವನ್ನು ಆಚೆ ದಡಕ್ಕೆ ಕಳಿಸಬೇಕು, ಒಂಟಿಯಾಗಿ. ಕೆಂಪಿನವರು ಯಾರೂ ಜೊತೆಗೆ ಹೋಗುವ ಹಾಗಿಲ್ಲ. ಹೋದವರು ಯಾರೂ ಮರಳಿ ಬಂದಿಲ್ಲ.

ದೊಡ್ಡ ಮನೆಗಳ ಮಕ್ಕಳ ಬೊಗಸೆಗೆ ಮಾತ್ರ ಅದೇನು ಪುಣ್ಯವೋ, ಹಲ್ಲು ಬಿದ್ದ ಮರುದಿನವೇ ನಡೆಯಲಾರದ ಮುದಿ ಓತಿಕ್ಯಾತವೋ ಮುದಿ ಕಪ್ಪೆಯೋ ಬಂದು ಬೀಳುತ್ತದೆ. ಒಳಗೆಲ್ಲ ಕೆಂಪೇ ಕೆಂಪು. ದೇವರು ಕೊಟ್ಟದ್ದು ಎನ್ನುತ್ತಾರೆ. ಹಿಂದಿನ ದಿನ ಅವರ ಆಳು ಪೊದೆ ತಡಕುತ್ತಿದ್ದುದನ್ನು ಹೊಳೆಯಿಂದ ನೋಡಿದವನು ನಾನು, ಆದರೆ ನನ್ನನ್ನು ಯಾರೂ ಕೇಳಿಲ್ಲ.

ಭರಣಿಗಳೆಲ್ಲ ತಿಳಿಮನೆಯ ಗೋಡೆಗೂಡುಗಳಲ್ಲಿ ಇರುತ್ತವೆ. ಅವುಗಳಿಗೆ ಏನಾದರೆ ಅವರವರ ಮೈಗೂ ಅದೇ ಆಗುತ್ತದೆ. ಗಾಣದವನ ಭರಣಿ ಬೆಕ್ಕು ಹಾರಿ ಉರುಳಿ ಅದರೊಳಗಿನ ಹಲ್ಲಿಯ ಹಿಂಗಾಲು ಮುರಿದಾಗ ಅವನು ಗಾಣದ ಹತ್ತಿರವೇ ಕುಸಿದು ಕೂತ. ಇವತ್ತಿಗೂ ಕೋಲಿಲ್ಲದೆ ನಡೆಯಲಾರ.

ನನಗೂ ಒಂದು ಕಟ್ಟಳೆ ಉಂಟು. ಹುಟ್ಟು ಹಾಕುವಾಗ ಬೆನ್ನು ಆಚೆ ದಡಕ್ಕಿರಬೇಕು, ಮುಖ ಊರಿಗೆ. ತಿರುಗಿದರೆ ಕಣ್ಣು ಹೋಗುತ್ತದೆ ಎಂದು ನನ್ನಪ್ಪ ಹೇಳಿದ್ದ, ಅವನಿಗೆ ಅವನಪ್ಪ. ನನ್ನೆದುರು ಕೂತ ಮಗು ಹೊಳೆಯುದ್ದಕ್ಕೂ ಅಳುತ್ತದೆ. ಕೊನೆಯಲ್ಲಿ ನನ್ನ ಹೆಗಲ ಮೇಲಿಂದ ಏನನ್ನೋ ನೋಡಿ ಕಣ್ಣರಳಿಸಿ ಸುಮ್ಮನಾಗುತ್ತದೆ. ಆ ಮುಖ ನೋಡಲಾರದೆ ನಾನು ತಲೆ ತಗ್ಗಿಸುತ್ತೇನೆ. ಅಷ್ಟರಲ್ಲಿ ದೋಣಿ ತಾನೇ ನಿಲ್ಲುತ್ತದೆ. ಮರಳ ದಿಬ್ಬ ಇರಬೇಕು ಎಂದುಕೊಂಡಿದ್ದೆ. ಮಗು ಇಳಿದ ಸದ್ದು, ನೀರು ಕಲಕಿದ ಸದ್ದು. ತಿರುಗದೆಯೇ ಹುಟ್ಟು ಒತ್ತಿ ಮರಳುತ್ತೇನೆ. ದಡದಲ್ಲಿ ಹಿರಿಯ ನೋಟಗಾರ ಕೇಳುತ್ತಾನೆ, "ಏನು ಕಂಡೆ?" ನಾನು ಹೇಳಬೇಕಾದ ಮಾತೂ ಗೊತ್ತಾದದ್ದೇ: "ನನ್ನ ಊರನ್ನು ಕಂಡೆ."

ಊರಿನಲ್ಲಿ ಹಗ್ಗ ಹೊಸೆಯುವವಳೊಬ್ಬಳು ಇದ್ದಳು. ನನ್ನ ದೋಣಿಯ ಹಗ್ಗವೂ ಅವಳ ಕೈಯದೇ. ಗಂಡ ಸತ್ತಿದ್ದ, ಒಬ್ಬಳೇ ಮಗಳು. ಮಗಳ ಹಲ್ಲು ಅಲ್ಲಾಡತೊಡಗಿದ್ದೇ ತಡ, ಅವಳು ಹೊಲಗದ್ದೆ ಅಲೆದು ಒಂದು ಮುದಿ ಕಪ್ಪೆಯನ್ನು ಹಿಡಿದು ಬುಟ್ಟಿಯ ಕೆಳಗೆ ಮುಚ್ಚಿಟ್ಟಳು. ಅವಳ ಅಪ್ಪನೂ ಅವಳಿಗೆ ಹಾಗೆಯೇ ಮಾಡಿದ್ದ. ಅವಳ ಭರಣಿಯ ಕಪ್ಪೆ ನೆತ್ತಿಯಿಂದ ಬೆರಳ ತುದಿಯವರೆಗೆ ಕೆಂಪು. ಬಡವರ ಮನೆಯ ಅಂಥ ಭರಣಿ ಇನ್ನೊಂದಿಲ್ಲ.

ಹಲ್ಲು ಬಿದ್ದದ್ದು ಬೀದಿಯಲ್ಲಿ. ಮಗಳು ಹಲ್ಲನ್ನು ಅವ್ವನಿಗೆ ತೋರಿಸಲು ಓಡಿ ಬರುತ್ತಿದ್ದಳು. ದಾರಿಯಲ್ಲಿ ಎಮ್ಮೆಯ ಗೊರಸು ಊರಿದ ಗುಳಿಯೊಂದರಲ್ಲಿ ನೀರು ಇಂಗುತ್ತಿತ್ತು. ಅದರಲ್ಲಿ ಒಂದೇ ಒಂದು ಗೊದಮೊಟ್ಟೆ ಬಾಲ ಬಡಿಯುತ್ತಿತ್ತು. ಅವಳು ಹಲ್ಲನ್ನು ಬಿಸಾಕಿ ಗೊದಮೊಟ್ಟೆಯನ್ನು ಬೊಗಸೆಯಲ್ಲಿ ಎತ್ತಿಕೊಂಡು ಹೊಳೆಯ ಕಡೆ ಓಡಿದಳು. ಬೀದಿಯಲ್ಲಿದ್ದವರೆಲ್ಲ ನೋಡಿದರು. ಹೊಳೆ ಮುಟ್ಟುವ ಮೊದಲೇ ಬೆರಳ ಸಂದಿನಿಂದ ನೀರು ಸೋರಿಹೋಗಿತ್ತು. ಗೊದಮೊಟ್ಟೆ ಸತ್ತಿತ್ತು.

ಹಗ್ಗದವಳು ಅದನ್ನು ಎಲೆಯಲ್ಲಿ ಸುತ್ತಿಕೊಂಡು ತಿಳಿಮನೆಗೆ ಬಂದಾಗ ಅವಳ ಮುಖದಲ್ಲಿ ರಕ್ತವಿರಲಿಲ್ಲ. ಮಗಳು ಸೆರಗು ಹಿಡಿದು ನಿಂತಿದ್ದಳು.

"ಯಾಕೆ ಮುಟ್ಟಿದ್ಯೇ? ಬುಟ್ಟಿ ಕೆಳಗೆ ಇಟ್ಟಿದೀನಿ ಅಂತ ಹೇಳಿರ್ಲಿಲ್ವಾ ನಿಂಗೆ?"

"ಸಾಯ್ತಿತ್ತವ್ವಾ. ನೀರು ಇಂಗೋಗ್ತಿತ್ತು."

ಹಗ್ಗದವಳು ಮತ್ತೆ ಮಗಳನ್ನು ಬೈಯಲಿಲ್ಲ. ನನ್ನ ಹೆಂಡತಿಯ ಎರಡೂ ಕೈ ಹಿಡಿದುಕೊಂಡಳು. "ಅಕ್ಕಾ, ಇದನ್ನ ನೀಲಿ ನೀರಿಗೆ ಹಾಕ್ಬೇಡ."

"ಏನಂದೆ?"

"ನೀಲಿ ಬಿಟ್ಬಿಡು. ಬರೀ ಕೆಂಪಿಗೆ ಹಾಕು. ಒಂದು ಚೂರಾದ್ರೂ ಕೆಂಪಿರಲ್ವಾ ಒಳಗೆ? ಅಷ್ಟು ಕಂಡ್ರೆ ಸಾಕು. ನೀಲಿ ಕಾಣ್ದೇ ಇದ್ರೆ ಇವಳನ್ನ ಕಳಿಸಲ್ಲ."

"ಇಲ್ಲಿ ತನಕ ನನ್ನ ಕೈಗೆ ಗೊದಮೊಟ್ಟೆ ಬಂದಿಲ್ಲ ಕಣೆ. ಒಳಗೇನಿದ್ಯೋ ನಂಗೂ ಗೊತ್ತಿಲ್ಲ."

ನಾನು ಬಾಗಿಲು ಮುಚ್ಚಿ ಬಂದೆ. "ಗೊತ್ತಾದ್ರೆ ನಮ್ಮಿಬ್ಬರ ಭರಣೀನೂ ಕಟ್ಟೆ ಮೇಲಿಂದ ಎತ್ತಿ ಹಾಕ್ತಾರೆ" ಎಂದೆ.

"ನೀವು ಸುಮ್ನಿರಿ" ಎಂದಳು ಹೆಂಡತಿ. "ಈ ಮಗು ದೋಣೀಲಿ ಕೂತ್ರೆ ಹುಟ್ಟು ಹಾಕೋರು ನೀವೇ ಅಲ್ವಾ?"

ನಾನು ಕೊಡ ಎತ್ತಿಕೊಂಡು ನೀರಿಗೆ ಹೋದೆ.

ಅವಳು ತೊಗಲು ಬಿಡಿಸಿದಳು. ಬಿಸಿಲಿಗಿಟ್ಟು ಕಪ್ಪು ಕಳೆದಳು. ನೀಲಿ ನೀರಿನ ಮಡಕೆಯ ಮುಚ್ಚಳ ತೆಗೆಯಲಿಲ್ಲ. ಬೂದಿಯ ತಿಳಿ, ಆಮೇಲೆ ಕೆಂಪು ನೀರು, ಆಮೇಲೆ ಭರಣಿ. ಭರಣಿಯನ್ನು ಬೆಳಕಿಗೆ ಹಿಡಿದವಳು ಹಿಡಿದ ಹಾಗೆಯೇ ನಿಂತಳು. ಒಳಗೆ ಏನೂ ಇರಲಿಲ್ಲ. ಗೊದಮೊಟ್ಟೆಯಲ್ಲಿ ಗಟ್ಟಿಯಾದದ್ದು ಎನ್ನುವುದು ಇನ್ನೂ ಹುಟ್ಟಿಯೇ ಇರಲಿಲ್ಲ. ಇದ್ದದ್ದೆಲ್ಲ ಮೆದು. ಮೆದುವನ್ನು ತೋರಿಸುವ ನೀರಿಗೆ ನಾವು ಹಾಕಿರಲಿಲ್ಲ.

ನೋಟದ ದಿನ ಊರೆಲ್ಲ ಸೇರಿತು. ನೋಟಗಾರರು ಭರಣಿಯ ಸುತ್ತ ಹೋದರು, ಬಂದರು, ಮತ್ತೆ ಹೋದರು.

"ಕೆಂಪಿಲ್ಲ" ಎಂದ ಒಬ್ಬ.

"ನೀಲಿಯೂ ಇಲ್ಲ" ಎಂದ ಇನ್ನೊಬ್ಬ. "ಕಳಿಸುವ ಹಾಗಿಲ್ಲ."

ಕಳಿಸುವ ಹಾಗಿಲ್ಲ ಎಂದದ್ದೇ ಹಗ್ಗದವಳು ಮಗಳನ್ನು ಅವಚಿಕೊಂಡು ಗೋಳೋ ಎಂದು ಅತ್ತಳು. ಸಂತೋಷಕ್ಕೆ ಅಳುವುದನ್ನು ನಾನು ಅವತ್ತು ನೋಡಿದೆ. ಅದು ಆ ಕಟ್ಟೆ ಇಳಿಯುವಷ್ಟು ಹೊತ್ತೂ ಬಾಳಲಿಲ್ಲ.

"ಇಟ್ಟುಕೊಳ್ಳುವ ಹಾಗೂ ಇಲ್ಲ" ಎಂದ ಹಿರಿಯ ನೋಟಗಾರ. "ಭರಣಿಯಲ್ಲಿ ಕಾಣದ್ದು ಊರಿನಲ್ಲೂ ಇಲ್ಲ."

ಸೇರಿದ್ದವರೆಲ್ಲ ಆ ಮಗುವಿನ ಮೇಲಿಂದ ಕಣ್ಣು ತೆಗೆದರು. ಎಲ್ಲರೂ ಒಟ್ಟಿಗೆ ತೆಗೆದರು, ಬಾಗಿಲು ಮುಚ್ಚಿದಂತೆ.

ಆಮೇಲೆ ಅಂಗಡಿಯವನು ಅವಳು ನೀಡಿದ ಕೈಗೆ ಬೆಲ್ಲ ಹಾಕಲಿಲ್ಲ. ಆಡುವ ಮಕ್ಕಳು ಗುಂಪು ಮಾಡುವಾಗ ಅವಳನ್ನು ಬಿಟ್ಟು ಮಾಡಿದರು. ಮೊದಮೊದಲು ಇದು ನಟನೆ. ಕಂಡೂ ಕಾಣದ ಹಾಗೆ ಇರುವುದು ನಮ್ಮ ಊರಿಗೆ ಹೊಸದೇನಲ್ಲ, ಅದರಲ್ಲಿ ಎಲ್ಲರೂ ಪಳಗಿದವರೇ. ಆದರೆ ಒಂದು ದಿನ ಗಾಡಿಯವನು ನಿಜವಾಗಿಯೂ ಕಾಣದೆ ಅವಳ ಮೇಲೆ ಎತ್ತು ನಡೆಸಿದ. ಎತ್ತು ನಿಂತಿತು, ಅವನು ನಿಲ್ಲಲಿಲ್ಲ. ಯಾಕೆ ನಿಂತೆ ಎಂದು ಎತ್ತಿಗೆ ಬಾರಿಸಿದ.

ಹಗ್ಗದವಳು ಮಗಳ ತಲೆ ಬಾಚುತ್ತಿದ್ದಳಂತೆ. ಕಿವಿಯ ಹಾಳೆಯ ಹಿಂದೆ ಬಾಚಣಿಗೆಯ ಹಲ್ಲುಗಳು ಕಂಡವಂತೆ. ಆಮೇಲೆ ಕೆನ್ನೆಯ ಹಿಂದೆ ಗೋಡೆ ಕಂಡಿತು. ಉಣ್ಣಲು ಕೂತರೆ ಮುದ್ದೆ ತಾನೇ ತಟ್ಟೆಯಿಂದೆದ್ದು ಗಾಳಿಯಲ್ಲಿ ಹೋಗುತ್ತಿತ್ತು. "ಅವ್ವಾ, ನನ್ನ ಕೈ ನಂಗೇ ಕಾಣ್ತಿಲ್ಲ" ಎಂದು ಮಗು ಅತ್ತಿತು. ಅತ್ತ ಕಣ್ಣೀರು ನೆಲಕ್ಕೆ ಬಿದ್ದ ಮೇಲಷ್ಟೇ ಕಂಡಿತು. ಹಗ್ಗದವಳು ತನಗೆ ಗೊತ್ತಿದ್ದದ್ದನ್ನು ಮಾಡಿದಳು. ಒಂದು ಹಗ್ಗ ಹೊಸೆದು ಮಗಳ ಸೊಂಟಕ್ಕೆ ಕಟ್ಟಿ ಇನ್ನೊಂದು ತುದಿಯನ್ನು ತನ್ನ ಮುಂಗೈಗೆ ಸುತ್ತಿಕೊಂಡಳು.

ಅವಳು ತಿಳಿಮನೆಯ ಮೆಟ್ಟಿಲು ಹತ್ತಿ ಬಂದದ್ದನ್ನು ನಾನು ಸಾಯುವ ತನಕ ಮರೆಯಲಾರೆ. ಮುಂದೆ ಅವಳು, ಅವಳ ಕೈಯಿಂದ ಹಗ್ಗ, ಹಗ್ಗದ ಕೊನೆಯಲ್ಲಿ ಗಾಳಿಯಲ್ಲಿ ನಿಂತ ಒಂದು ಕುಣಿಕೆ. ಕುಣಿಕೆಯೊಳಗೆ ಯಾರೋ ಉಸಿರಾಡುತ್ತಿದ್ದರು.

"ಅಕ್ಕಾ, ನೀಲಿ ಹಾಕು."

"ಹಾಕಿದ್ರೆ ಕಳಿಸ್ತಾರೆ ಕಣೆ."

"ಕಳಿಸ್ಲಿ. ಮೊದ್ಲು ಕಾಣ್ಲಿ. ನಿನ್ನೆ ಈ ಗಂಟು ಸಡ್ಲ ಆಗಿತ್ತು. ಬೀದಿ ತುಂಬ ನೆಲ ತಡಕ್ಕೊಂಡು ಹುಡುಕಿದೀನಿ ನನ್ನ ಮಗೂನ. ಹಡೆದೋಳು ನಾನೇ ಕಾಲಲ್ಲಿ ಎಡವಿ ತುಳಿದೆ ಅಕ್ಕಾ ಅದನ್ನ. ಎಲ್ಲಿಗೇ ಹೋದ್ರೂ ಮಗಳಾಗಿ ಹೋಗ್ಲಿ, ಗಾಳಿ ಆಗಿ ಬೇಡ."

ನನ್ನ ಹೆಂಡತಿ ಭರಣಿಯೊಳಗೆ ಬೆರಳಾಡಿಸಿ, ಕಣ್ಣಿಗೆ ಕಾಣದ ಆ ಚೂರನ್ನು ಹುಡುಕಿ ತೆಗೆದು ನೀರಲ್ಲಿ ತೊಳೆದು ನೀಲಿ ಮಡಕೆಗೆ ಬಿಟ್ಟಳು. ನಾವು ಕಾದೆವು. ಮೊದಲು ಕಂಡದ್ದು ಒಂದು ಎಳೆ. ಆಮೇಲೆ ಪುಟ್ಟ ತಲೆಯ ಬಟ್ಟಲು. ಆಮೇಲೆ ಎರಡೂ ಪಕ್ಕದಲ್ಲಿ ಬಾಚಣಿಗೆಯಂಥ ಕಿವಿರು. ಒಂದೂ ಮುರಿದಿರಲಿಲ್ಲ, ಒಂದೂ ಕಡಿಮೆ ಇರಲಿಲ್ಲ. ಅದು ಎಷ್ಟು ಚೆನ್ನಾಗಿತ್ತೆಂದರೆ ಒಂದು ಗಳಿಗೆ ನನಗೆ ಹೆದರಿಕೆಯೇ ಮರೆತುಹೋಯಿತು. ತಿರುಗಿ ನೋಡಿದರೆ ಹಗ್ಗದ ಕುಣಿಕೆಯೊಳಗೆ ಮೂಗಿನ ತುದಿ, ಕಿವಿ, ಬೆರಳು, ಕೊನೆಗೆ ಮುಂದಿನ ಹಲ್ಲಿಲ್ಲದ ಬಾಯಿ. ಹಗ್ಗದವಳು ಮಗಳ ಮೈಯೆಲ್ಲ ತಡವಿದಳು, ಅರಿಶಿನ ಹಚ್ಚಿ ನೀರೆರೆಯುವವಳ ಹಾಗೆ.

ಎರಡನೆಯ ನೋಟಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೊದಲ ಸಲ ನೀಲಿ ಕಟ್ಟಿರಲಿಲ್ಲ, ಈಗ ಕಟ್ಟಿತು ಎಂದು ಹೆಂಡತಿ ಹೇಳಿದಳು. ಯಾಕೆ ಎಂದು ಯಾರೂ ಕೇಳಲಿಲ್ಲ. ಇಡೀ ನೀಲಿಯೇ ಆದ ಭರಣಿಯನ್ನು ಊರು ಯಾವತ್ತೂ ಕಂಡಿರಲಿಲ್ಲ. ನೋಟಗಾರರಿಗೂ ಬೇಗ ಮನೆಗೆ ಹೋಗಬೇಕಾಗಿತ್ತು. ಬೆಳಗಾದರೆ ದೋಣಿ ಎಂದರು.

ಹಗ್ಗದವಳು ಕಟ್ಟೆಯಿಂದ ನೇರ ತಿಳಿಮನೆಗೆ ಬಂದು ಗೂಡಿನಿಂದ ತನ್ನ ಭರಣಿಯನ್ನು ತಾನೇ ಇಳಿಸಿದಳು. ಅಪ್ಪ ಹಿಡಿದುಕೊಟ್ಟ ಕೆಂಪು ಕಪ್ಪೆ.

"ಇದನ್ನ ಹುಳೀಗೆ ಹಾಕು" ಎಂದಳು.

"ತಲೆ ಕೆಟ್ಟಿದ್ಯಾ? ಹೆಚ್ಚು ಹೊತ್ತು ಹುಳೀಲಿದ್ರೆ ಎಲುಬಿನ ಸುಣ್ಣ ಬಿಟ್ಟೋಗತ್ತೆ. ಸುಣ್ಣ ಹೋದ್ರೆ ಕೆಂಪು ನಿಲ್ಲಲ್ಲ. ನಿನ್ನ ಕಾಲ ಮೇಲೆ ನೀನು ನಿಲ್ಲಕ್ಕಾಗಲ್ಲ ಆಮೇಲೆ."

"ಕೆಂಪಿರೋ ತನಕ ಅವಳ ಜೊತೆ ಬಿಡಲ್ಲ. ಇಲ್ಲಿ ನಿಂತು ನಾನೇನ್ ಮಾಡ್ಲಿ?"

ಹೆಂಡತಿ ನನ್ನ ಮುಖ ನೋಡಿದಳು. ನಾನು ಹೊಳೆಯ ಕಡೆ ನೋಡಿದೆ. ಕಪ್ಪೆ ನೀಲಿ ಮಡಕೆಯ ಹುಳಿಗೆ ಇಳಿಯಿತು. ಕೆಂಪು ಹೊಗೆಯ ಹಾಗೆ ಬಿಟ್ಟುಕೊಂಡು ಬಂತು, ಅದು ಬಿಟ್ಟ ಜಾಗಕ್ಕೆಲ್ಲ ನೀಲಿ ಹತ್ತಿತು. ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿದ್ದ ಹಗ್ಗದವಳ ಮೊಣಕಾಲು ಒದ್ದೆ ಹಗ್ಗದಂತೆ ಮಡಚಿತು. ನೋವಿಗೆ ಅವಳು ಸೆರಗು ಕಚ್ಚಿಕೊಂಡಳು, ಪಕ್ಕದಲ್ಲಿ ನಿದ್ದೆಹೋಗಿದ್ದ ಮಗಳು ಎದ್ದುಬಿಟ್ಟಾಳು ಎಂದು ಕೂಗಲಿಲ್ಲ.

ಬೆಳಗ್ಗೆ ನೋಟಗಾರರು ಅವಳ ಭರಣಿ ನೋಡಿ ಹಿಂದೆ ಸರಿದರು. ಇಡೀ ಕೆಂಪಾಗಿದ್ದವರು ನೀಲಿಯಾಗಬಹುದು ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ಅವರ ಕೈ ತಮ್ಮ ತಮ್ಮ ಮೊಣಕಾಲಿಗೆ ಹೋದದ್ದನ್ನು ನಾನು ಕಂಡೆ. "ಬೇಗ ಕಳಿಸು, ಇಬ್ಬರನ್ನೂ ಕಳಿಸು" ಎಂದ ಹಿರಿಯವನು. ನಾನು ಅವಳನ್ನು ಎತ್ತಿ ದೋಣಿಯಲ್ಲಿ ಕೂರಿಸಿದೆ. ಮಗು ಪಕ್ಕದಲ್ಲಿ ಕೂತು ಅವ್ವನ ಬೆನ್ನಿಗೆ ಹೆಗಲು ಕೊಟ್ಟಿತು.

ನಡುಹೊಳೆಯಲ್ಲಿ ಮಗು ಕೇಳಿತು, "ಹೆದ್ರಿಕೆ ಆಗ್ತಿದ್ಯಾ ಅವ್ವಾ?"

"ಹ್ಞೂಂ ಮಗಾ. ನಿಂಗೆ?"

"ನಂಗೂ."

ಆಮೇಲೆ ಇಬ್ಬರೂ ನನ್ನ ಹೆಗಲ ಮೇಲಿಂದ ನೋಡಿದರು. ಇಬ್ಬರೂ ಕಣ್ಣರಳಿಸಿದರು. ನಾನು ತಲೆ ತಗ್ಗಿಸಿದೆ. ದೋಣಿ ನಿಂತಿತು.

ಮಗು ಇಳಿಯಿತು. ಅವಳಿಗೆ ಇಳಿಯಲು ಆಗಲಿಲ್ಲ. ಅವಳನ್ನು ಎತ್ತಿ ಇಳಿಸಬೇಕಾದರೆ ನಾನು ತಿರುಗಲೇಬೇಕು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಅವಳನ್ನು ಎತ್ತಿದೆ, ಮುಚ್ಚಿದ ಕಣ್ಣಲ್ಲೇ ತಿರುಗಿದೆ. ನೀರಿಗೆ ಇಳಿಸಲೆಂದು ಬಾಗಿದಾಗ ನನ್ನ ಕೈಯಿಂದ ಅವಳ ಭಾರ ಹೋಯಿತು. ನಾನು ಬಿಟ್ಟಿರಲಿಲ್ಲ, ಯಾರೋ ತೆಗೆದುಕೊಂಡರು. ಒದ್ದೆಯಾದ ಬೆರಳುಗಳು ನನ್ನ ಬೆರಳನ್ನು ಮುಟ್ಟಿದವು. ಹೆದರಿ ಕಣ್ಣು ಬಿಟ್ಟೆ.

ಮರಳ ದಿಬ್ಬ ಇರಲಿಲ್ಲ. ಎದೆಮಟ್ಟದ ನೀರಿನಲ್ಲಿ ಜನ ನಿಂತಿದ್ದರು. ದೋಣಿಯ ಎರಡೂ ಕಡೆ ಕೈಗಳಿದ್ದವು, ಕೆಳಗೂ ಕೈಗಳಿದ್ದವು, ದೋಣಿ ಬೊಗಸೆಯಲ್ಲಿದ್ದಂತೆ ಇತ್ತು. ನಾನು ದಾಟಿಸಿದ ಮಕ್ಕಳೇ ಅವರು. ಕೆಲವರ ಗಡ್ಡ ಬೆಳ್ಳಗಾಗಿತ್ತು. ಹಗ್ಗದವಳನ್ನು ಅವರು ಕೈಯಿಂದ ಕೈಗೆ ಸಾಗಿಸಿಕೊಂಡು ದಡಕ್ಕೆ ಒಯ್ಯುತ್ತಿದ್ದರು. ಮಗು ಅವರ ನಡುವೆ ನೀರು ಬಡಿಯುತ್ತ ಹೋಗುತ್ತಿತ್ತು. ನನ್ನ ಅಪ್ಪ ದಾಟಿಸಿದವಳಿರಬೇಕು, ಒಬ್ಬಳು ಮುದುಕಿ, ನನ್ನ ಹತ್ತಿರ ಬಂದಳು.

"ಅಂತೂ ತಿರುಗಿದ್ಯಲ್ಲಪ್ಪ" ಎಂದಳು. "ನಿಮ್ಮಪ್ಪ ಒಂದ್ಸಲಾನೂ ತಿರುಗ್ಲಿಲ್ಲ. ಪ್ರತಿ ಸಲ ಅವನ ಬೆನ್ನು ನೋಡ್ಕೊಂಡೇ ದೋಣಿ ಹಿಡ್ಕೊಂಡ್ವಿ."

ನನ್ನ ಕಣ್ಣು ಹೋಗಲಿಲ್ಲ. ಹೋಗಿದ್ದರೆ ಚೆನ್ನಾಗಿತ್ತು ಎಂದು ಆಗ ಅನ್ನಿಸಿತು, ಯಾಕೆಂದರೆ ನಾನು ಮರಳಬೇಕಾಗಿತ್ತು. ಹಿರಿಯ ನೋಟಗಾರ ದಡದಲ್ಲಿ ಕಾದಿದ್ದ.

"ಏನು ಕಂಡೆ?"

"ನನ್ನ ಊರನ್ನು ಕಂಡೆ" ಎಂದೆ. ಅವನು ನನ್ನ ಮುಖವನ್ನು ಬಿಟ್ಟು ಮೊಣಕಾಲನ್ನು ನೋಡಿದ.

ತಿಳಿಮನೆಯಲ್ಲಿ ಹೆಂಡತಿ ನನ್ನ ಭರಣಿಯನ್ನು ಗೂಡಿನಿಂದ ಇಳಿಸಿ ಬೆಳಕಿಗೆ ಹಿಡಿದಿದ್ದಳು. ನನ್ನ ಕೆಂಪು ಹಲ್ಲಿ. ಅದರ ಮುಂಗಾಲಿನ ಬೆರಳ ತುದಿಗಳು ನೀಲಿಯಾಗಿದ್ದವು. ನಿನ್ನೆ ಹಾಗಿರಲಿಲ್ಲ. ನೀರಿನಲ್ಲಿ ಆ ಒದ್ದೆ ಬೆರಳುಗಳು ಮುಟ್ಟಿದ್ದು ನನ್ನ ಬೆರಳ ತುದಿಗಳನ್ನೇ.

"ಇಳಿಸಿ ಬಂದ್ರಾ ಅವರನ್ನ?" ಎಂದು ಕೇಳಿದಳು.

"ಇಲ್ಲ. ಇಳಿಸ್ಕೊಂಡ್ರು."

ಅವಳು ಭರಣಿಯನ್ನು ಸೆರಗಿನಿಂದ ಒರೆಸಿ, ನೀಲಿಯಾದ ಪಕ್ಕವನ್ನು ಗೋಡೆಯ ಕಡೆ ತಿರುಗಿಸಿ ಗೂಡಿನಲ್ಲಿ ಇಟ್ಟಳು.

ಇಬ್ಬರೂ ಹೋಗಿಬಿಡೋಣ ಎಂದು ಅವಳು ಒಂದೆರಡು ಸಲ ಹೇಳಿದ್ದಾಳೆ. ಹೋದರೆ ಮುಂದಿನ ಮಗುವನ್ನು ದಾಟಿಸುವವರು ಯಾರು, ಹೊಸದಾಗಿ ಬಂದ ಅಂಬಿಗ ನಡುಹೊಳೆಯಲ್ಲೇ ಇಳಿಸಿಬಿಟ್ಟರೆ, ಎಂದು ನಾನು ಕೇಳುತ್ತೇನೆ. ನೀಲಿ ಬೆರಳ ತುದಿಯಿಂದ ಮುಂಗೈಗೆ ಏರಿದೆ. ಹುಟ್ಟು ಹಿಡಿದರೆ ಹಿಡಿತ ಸಾಲದು. ನನಗೆ ಈಗಲೂ ಹೆದರಿಕೆ.

ಆದರೂ ಹುಟ್ಟು ಹಾಕುತ್ತೇನೆ, ಬೆನ್ನು ಆಚೆ ದಡಕ್ಕೆ, ಮುಖ ಊರಿಗೆ. ನೋಟಗಾರರು ದೂರವಾದ ಮೇಲೆ ಎದುರು ಕೂತು ಅಳುವ ಮಗುವಿಗೆ ಈ ಹಗ್ಗದವಳ ಕಥೆಯನ್ನು ಮೆಲ್ಲಗೆ ಹೇಳುತ್ತೇನೆ. ಹೊಳೆ ಅಗಲವಾಗಿದೆ. ಕಥೆ ಮುಗಿಯುವ ಹೊತ್ತಿಗೆ ಮಗು ಕಣ್ಣರಳಿಸುತ್ತದೆ, ದೋಣಿ ನಿಲ್ಲುತ್ತದೆ.